ಸುಮ್ಮನಿರುವವರ ರೇಟು

ಹಚ್ಚೊಳ್ಳಿಯಲ್ಲಿ ಮಾತಾಡದೆ ಕೂರಬೇಕಾದರೆ ಒಂದು ಕಾರಣ ಬೇಕು. ಕಾರಣವಿಲ್ಲದೆ ಐದು ನಿಮಿಷ ಸುಮ್ಮನೆ ಕೂತರೆ ಮೊದಲ ಪ್ರಶ್ನೆ ಬರುತ್ತದೆ: "ಯಾಕಪ, ಮೈಯಾಗ ಹುಷಾರಿಲ್ಲೇನು?" ಹತ್ತು ನಿಮಿಷಕ್ಕೆ ಎರಡನೆಯದು: "ಮನ್ಯಾಗ ಏನರ ಗದ್ದಲೇನು?" ಕಾಲು ಗಂಟೆ ದಾಟಿತೋ, ಪಕ್ಕದವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, "ಎಷ್ಟು ಸಾಲ ಆಗೈತಿ, ನನ್ ಮುಂದ ಹೇಳು" ಅನ್ನುತ್ತಾನೆ. ಅವನು ಕೊಡುವವನಲ್ಲ, ತಿಳಿದುಕೊಳ್ಳುವವನು. ಸಂಜೆಯೊಳಗೆ ನಿಮ್ಮ ಸಾಲದ ಮೊತ್ತ ಊರಿಗೆಲ್ಲ ಗೊತ್ತಾಗಿರುತ್ತದೆ. ನಿಮಗೆ ಮಾತ್ರ ಗೊತ್ತಿರುವುದಿಲ್ಲ, ಯಾಕೆಂದರೆ ನೀವು ಸಾಲವನ್ನೇ ಮಾಡಿಲ್ಲ.

ಸಿರುಗುಪ್ಪ ತಾಲೂಕಿನ ನಮ್ಮ ಹೋಬಳಿಯಲ್ಲಿ ಭತ್ತವೂ ಬೆಳೆಯುತ್ತದೆ, ಮಾತೂ ಬೆಳೆಯುತ್ತದೆ. ಭತ್ತಕ್ಕಾದರೂ ನೀರು ಬೇಕು. ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗರಣೆಯ ಮೇಲೆ ಮಿರ್ಚಿ ಬೀಳುವ ಮುಂಚೆಯೇ ಭತ್ತದ ರೇಟು, ಆದೋನಿಯಲ್ಲಿ ಹತ್ತಿಯ ರೇಟು, ಕಾಲುವೆಗೆ ನೀರು ಬಿಡುವ ತಾರೀಖು, ಯಾರ ಮಗಳಿಗೆ ಯಾವ ಊರಿನ ಗಂಡು, ಯಾರ ಹೊಲದ ಬದು ಎಷ್ಟು ಗೇಣು ಒಳಗೆ ಸರಿದಿದೆ, ಎಲ್ಲವೂ ತೀರ್ಮಾನವಾಗಿರುತ್ತದೆ. ಗಡಿಯ ಸೀಮೆ ಬೇರೆ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತದೆ. ಒಂದು ಭಾಷೆಯಲ್ಲಿ ಬೈಗುಳ ಖಾಲಿಯಾದರೆ ಇನ್ನೊಂದರಲ್ಲಿ ದಾಸ್ತಾನು ಇರುತ್ತದೆ.

ಮೇಲಾಗಿ ಇದು ಬಯಲಾಟದ ನೆಲ. ನಮ್ಮ ಭೀಮ ಅಟ್ಟ ಹತ್ತುವ ಮೊದಲೇ ಅವನ ಗರ್ಜನೆ ಅಗಸಿ ದಾಟಿರುತ್ತದೆ. ಜಿಲ್ಲೆಯ ಹೆಮ್ಮೆಯ ಹೆಸರು ಯಾರದು ಅಂದರೆ ಬಳ್ಳಾರಿ ರಾಘವ, ರಂಗದ ಮೇಲೆ ಮಾತನ್ನೇ ಉಂಡು ಬೆಳೆದವರು. ಇನ್ನೊಂದು ಹೆಸರು ಕೇಳಿದರೆ ಜೋಳದರಾಶಿ ದೊಡ್ಡನಗೌಡರು, ಅವರೂ ನಾಟಕದವರೇ, ಸಾಲದ್ದಕ್ಕೆ ಗಮಕಿಗಳು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ತಿಂಮನಂತೂ ಬಾಯಿ ಮುಚ್ಚಿದ ದಿನವಿಲ್ಲ. ಇಂಥ ಸೀಮೆಯಲ್ಲಿ ಮಾತಿಲ್ಲದವನಿಗೆ ಯಾವ ಪಾತ್ರ ಕೊಡುವುದು?

ಆದರೂ ಕೊಡುತ್ತಾರೆ. ಅದೂ ಒಬ್ಬೊಬ್ಬರಿಗೆ ಒಂದೊಂದು. ಸೋನಾ ಮಸೂರಿಗೆ ಒಂದು ರೇಟು, ದಪ್ಪ ಭತ್ತಕ್ಕೆ ಇನ್ನೊಂದು ರೇಟು ಇರುವ ಹಾಗೆ ಮೌನದಲ್ಲೂ ತಳಿಗಳಿವೆ. ಸುಮ್ಮನಿರುವವರಲ್ಲಿ ಕೆಲವರು ಊರಿಗೆ ಕುತೂಹಲ, ಕೆಲವರು ಊರಿಗೆ ಬೇಸರ, ಉಳಿದವರು ಊರಿಗೆ ಕಾಣುವುದೇ ಇಲ್ಲ. ಯಾರು ಯಾವುದಕ್ಕೆ ಸೇರುತ್ತಾರೆ ಅನ್ನುವುದನ್ನು ಯಾರು ನಿರ್ಧರಿಸುತ್ತಾರೆ ಅಂತ ನಾನು ಬಹಳ ದಿನ ಯೋಚಿಸಿದ್ದೆ. ಉತ್ತರ ಬೆಂಗಳೂರಿನಿಂದ ಬಸ್ ಹತ್ತಿ ಬಂತು.

ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ ಮೊಹರಂಗೆ ಊರಿಗೆ ಬಂದಿದ್ದ. ಊರಿಗೆ ಊರೇ ಅಲಾಯಿ ಕುಣಿಯ ಸುತ್ತ ಕುಣಿಯುತ್ತಿದ್ದರೆ ಇವನು ಮಾಳಿಗೆಯ ಮೇಲೆ ಮೊಬೈಲು ಹಿಡಿದು ಕೂತಿದ್ದ. ಕೆಳಗೆ ಬಾರಲೇ ಅಂದೆ.

"ಮಾವಾ, ನಾನು ಇಂಟ್ರೊವರ್ಟ್. ಜನ ಅಂದ್ರ ನನಗ ಸುಸ್ತು."

"ಏನಲೇ ಅದು, ಡಾಕ್ಟ್ರು ಹೇಳಿದ್ರೇನು?"

"ರೋಗ ಅಲ್ಲ ಮಾವಾ. ನಾನು ಐಎನ್‌ಎಫ್‌ಜೆ."

"ಅದು ಯಾವ ಇಲಾಖಿ? ಪೆನ್ಷನ್ ಐತೇನು?"

ಅವನು ವಿವರಿಸಿದ. ರಾತ್ರಿ ಊಟಕ್ಕೆ ಕರೆಯುವ ತನಕ ವಿವರಿಸಿದ. ಊಟ ಮಾಡುತ್ತ ವಿವರಿಸಿದ. ಜನರೊಂದಿಗೆ ಮಾತಾಡಿದರೆ ತನಗೆ ಎಷ್ಟು ದಣಿವಾಗುತ್ತದೆ ಅನ್ನುವುದನ್ನು ಕೈತೊಳೆದ ಮೇಲೂ ದಣಿವಿಲ್ಲದೆ ಹೇಳಿದ. ಅದರ ಸಾರಾಂಶ ಇಷ್ಟು. ಮನುಷ್ಯರಲ್ಲಿ 16 ಜಾತಿ. ಅದರಲ್ಲಿ 8 ಮಾತಿನವರು, 8 ಮೌನದವರು. ಮೌನದ ಎಂಟರಲ್ಲಿ ಐಎನ್‌ಎಫ್‌ಜೆ ಅನ್ನುವುದು ತೀರಾ ಅಪರೂಪ, ತೀರಾ ಆಳ, ತೀರಾ ನಿಗೂಢ; ನೋಡಿದವರಿಗೆಲ್ಲ ಇವನ ಒಳಗೆ ಏನಿದೆಯೋ ಅನ್ನಿಸುತ್ತದಂತೆ. ಐಎನ್‌ಟಿಜೆ ಎಂದರೆ ಮಹಾ ತಂತ್ರಗಾರ, ಸಿನಿಮಾದ ಖಳನಾಯಕನ ತಲೆ. ಐಎಸ್‌ಟಿಪಿ ಎಂದರೆ ಬುಲೆಟ್ ಬಿಚ್ಚಿ ಜೋಡಿಸುವ ಮೌನಿ ಹೀರೊ. ಕಟ್ಟಕಡೆಗೆ ಐಎಸ್‌ಟಿಜೆ. ಇವನು ಹೇಳಿದ ಹೊತ್ತಿಗೆ ಬರುತ್ತಾನೆ, ಹೇಳಿದ ಕೆಲಸ ಮಾಡುತ್ತಾನೆ, ಲೆಕ್ಕ ಸರಿಯಾಗಿ ಬರೆದಿಡುತ್ತಾನೆ, ಮನೆಗೆ ಹೋಗುತ್ತಾನೆ.

"ಅವನು ಹೆಂಗಲೇ?" ಅಂದೆ.

"ಅವನು ಬೋರ್ ಮಾವಾ" ಅಂದ ಅಳಿಯ.

ಈ ಜಾತಿ ಪಟ್ಟಿಯ ಮೂಲಪುರುಷ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್. ಒಳಮುಖಿ, ಹೊರಮುಖಿ ಅಂತ ಮನುಷ್ಯರನ್ನು ವಿಂಗಡಿಸಿ ಆತ ಪುಸ್ತಕ ಬರೆದದ್ದು 1921ರಲ್ಲಿ. ಆಮೇಲೆ ಅಮೆರಿಕದ ತಾಯಿ ಕ್ಯಾಥರೀನ್ ಬ್ರಿಗ್ಸ್, ಮಗಳು ಇಸಬೆಲ್ ಮೈಯರ್ಸ್ ಅದನ್ನು ಹಿಡಿದು, ಹಿಂಜಿ, ನಾಲ್ಕಕ್ಷರದ 16 ಬಗೆ ಮಾಡಿದರು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮಗಳು 1929ರಲ್ಲಿ ಒಂದು ಪತ್ತೇದಾರಿ ಕಾದಂಬರಿ ಸ್ಪರ್ಧೆ ಗೆದ್ದವರು. ಮನುಷ್ಯರನ್ನು ನಿಗೂಢ ಮಾಡುವ ವಿದ್ಯೆ ಅವರಿಗೆ ಎಲ್ಲಿಂದ ಬಂತು ಅನ್ನುವುದು ಇನ್ನು ನಿಗೂಢವಲ್ಲ. ಆ ಪ್ರಶ್ನಪತ್ರಿಕೆ 1962ರಲ್ಲಿ ಅಚ್ಚಾಗಿ ಹೊರಬಂತು, ಕಂಪನಿಗಳಿಗೆ ಹೊಕ್ಕಿತು, ಈಗ ಮೊಬೈಲಿಗೆ ಬಂದು ನಮ್ಮ ಮಾಳಿಗೆ ಹತ್ತಿ ಕೂತಿದೆ. ಇವತ್ತು ಬರೆದವನು ನಾಲ್ಕಾರು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರಿಗೆ ಬೇರೆ ಅಕ್ಷರ ಬರುತ್ತದೆ ಅಂತ ವಿದ್ವಾಂಸರೇ ದೂರುತ್ತಾರೆ. ನಮ್ಮಲ್ಲಿ ಹುಟ್ಟಿದ ಜಾತಿ ಸತ್ತರೂ ಬದಲಾಗುವುದಿಲ್ಲ. ಆ ಲೆಕ್ಕದಲ್ಲಿ ಅಮೆರಿಕದ ಜಾತಿ ವಾಸಿ.

ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಅಳಿಯನ ಆಫೀಸಿನಲ್ಲಿ ಯಾರನ್ನು ಕೇಳಿದರೂ ಐಎನ್‌ಎಫ್‌ಜೆಯೇ ಅಂತೆ. ಅಪರೂಪದವರೇ ಒಂದು ಮಹಡಿ ತುಂಬಿದ್ದಾರೆ. ಬೋರ್ ಆದವನು ಒಬ್ಬನೂ ಇಲ್ಲ. ಹಾಗಾದರೆ ತಿಂಗಳ ಕೊನೆಗೆ ಸರಿಯಾದ ಹೊತ್ತಿಗೆ ಸಂಬಳ ಹಾಕುವವರು ಯಾರು?

ಪಶ್ಚಿಮದ ಈ ಪಟ್ಟಿ ನೋಡಿ ನಮ್ಮ ಕಟ್ಟೆಯ ಹಿರಿಯರು ನಕ್ಕುಬಿಟ್ಟರು. ಪ್ರಶ್ನಪತ್ರಿಕೆ ಯಾತಕ್ಕೆ? ಪಹಣಿ ತಂದರೆ ಸಾಕು, ಅವರು ಮೌನದ ಜಾತಿ ಹೇಳುತ್ತಾರೆ. ಕಾಲುವೆ ನೀರಾವರಿಯ ಹೊಲ ಎಷ್ಟು ಎಕರೆ ಅನ್ನುವ ಕಲಮು ನೋಡಿ, ಆಮೇಲೆ ಮನುಷ್ಯನ ಮುಖ ನೋಡುತ್ತಾರೆ. ಎಕರೆ ಹೆಚ್ಚಿದ್ದರೆ ಅದು ಗಾಂಭೀರ್ಯ. ನಡುಮಧ್ಯ ಇದ್ದರೆ ನಾಚಿಕೆ. ಎಕರೆಯೇ ಇಲ್ಲದಿದ್ದರೆ ಸೊಕ್ಕು.

ಗಾಂಭೀರ್ಯ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಪಂಚಾಯಿತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಣ್ಣತಮ್ಮಂದಿರ ಬದುವಿನ ಜಗಳ. ಇಬ್ಬರೂ ಬಾಯಿ ಒಣಗುವ ತನಕ ಕೂಗಿದರು. ಕಟ್ಟೆಯ ನಡುವೆ ಊರ ದೊಡ್ಡ ಕುಳ, ಗೌಡ್ರು, ಎಲೆ ಮಡಿಸುತ್ತ ಕೂತಿದ್ದರು. ಒಂದು ಮಾತಿಲ್ಲ. ಒಮ್ಮೆ ಕೆಮ್ಮಿದರು. ತಕ್ಷಣ ಎದುರಿಗಿದ್ದವರೊಬ್ಬರು, "ಗೌಡ್ರಿಗೆ ಈ ಮಾತು ಸರಿ ಬರ್ಲಿಲ್ಲ" ಅಂದರು. ಇನ್ನೊಬ್ಬರು, "ಅಲ್ಲ, ತಮ್ಮನ ಕಡಿ ನ್ಯಾಯ ಐತಿ ಅಂತ ಅವ್ರ ಅಭಿಪ್ರಾಯ" ಅಂದರು. ಗೌಡ್ರು ಸುಣ್ಣದ ಡಬ್ಬಿ ಮುಚ್ಚಿದರು. ಡಬ್ಬಿ ಮುಚ್ಚಿದ ಸದ್ದಿಗೆ ಅಣ್ಣ ಎರಡು ಗೇಣು ಬಿಟ್ಟುಕೊಟ್ಟ. ತೀರ್ಪು ಆಯಿತು. ಮುಂದೆ ಅದನ್ನು ಊರು ವರ್ಷಗಟ್ಟಲೆ ಹೇಳಿಕೊಂಡು ತಿರುಗಿತು: ಒಂದು ಮಾತಾಡಲಿಲ್ಲ ನೋಡ್ರಿ, ಜಗಳ ಮುಗಿಸಿದರು! ಅವತ್ತು ಗೌಡ್ರ ಕಿವಿ ಮಷೀನಿನ ಸೆಲ್ಲು ಖಾಲಿಯಾಗಿತ್ತು ಅಂತ ಅವರ ಮೊಮ್ಮಗ ನನಗೆ ಹೇಳಿದ. ಅದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೂ ನಂಬುವವರಿಲ್ಲ, ಸೆಲ್ಲು ಖಾಲಿಯಾದದ್ದೂ ಗೌಡ್ರ ತಂತ್ರವೇ ಅನ್ನುತ್ತಾರೆ.

ಅದೇ ಕಟ್ಟೆಯ ಕೆಳಗೆ, ಚಪ್ಪಲಿಗಳ ಪಕ್ಕ, ಮಿಲ್ಲಿನ ಹಮಾಲನೊಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಅವನೂ ಅವತ್ತು ಒಂದು ಮಾತಾಡಿರಲಿಲ್ಲ. ಅವನು ಕೆಮ್ಮಿದಾಗ "ಆ ಕಡಿ ಹೋಗಿ ಕೆಮ್ಮಲೇ" ಅಂದರು.

75 ಕಿಲೊ ಭತ್ತದ ಚೀಲವನ್ನು ಬೆನ್ನ ಮೇಲೆ ಹೊತ್ತು ಲಾರಿಯ ಹಲಗೆ ಹತ್ತುವ ಮನುಷ್ಯ ದಿನವಿಡೀ ಹೆಚ್ಚು ಮಾತಾಡುವುದಿಲ್ಲ. ಉಸಿರು ಬೇರೆ ಕೆಲಸಕ್ಕೆ ಬೇಕು. ಇವನ ಮೌನವನ್ನು ಯಾರೂ ನಿಗೂಢ ಅನ್ನುವುದಿಲ್ಲ. "ಇವನೊಳಗೆ ಏನೈತೋ" ಅಂತ ಯಾವ ಹುಡುಗಿಯೂ ಡೈರಿಯಲ್ಲಿ ಬರೆಯುವುದಿಲ್ಲ. ಇವನೊಳಗೆ ಏನಿದೆ ಅಂತ ಮಿಲ್ಲಿನವರಿಗೆ ಚೆನ್ನಾಗಿ ಗೊತ್ತು: ಮೂರು ವಾರದ ಕೂಲಿ ಬಾಕಿ ಇದೆ. ಅದಕ್ಕೇ ಅವನು ಸುಮ್ಮನಿದ್ದಷ್ಟೂ ಅವರಿಗೆ ಅನುಕೂಲ, ಬಾಯಿ ಬಿಟ್ಟರೆ ತಲೆನೋವು. ಇವನನ್ನು ಮಾತಿಗೆ ಎಳೆಯಬಾರದು ಅನ್ನುವ ಸೂಕ್ಷ್ಮ ಅವರಿಗೂ ಇದೆ. ಒಳಮುಖಿಗಳ ಖಾಸಗಿತನಕ್ಕೆ ಇಷ್ಟು ಗೌರವ ಕೊಡುವ ಜಾಗ ಬೆಂಗಳೂರಿನ ಯಾವ ಕಂಪನಿಯಲ್ಲೂ ಇರಲಾರದು.

ಇನ್ನು ಹೆಣ್ಣುಮಕ್ಕಳ ಮೌನ. ಅದಕ್ಕೆ ರೇಟು ಹಂಗಾಮಿನ ಪ್ರಕಾರ ಏರಿಳಿಯುತ್ತದೆ. ಕನ್ಯೆ ನೋಡಲು ಬಂದಾಗ ತಟ್ಟೆ ಹಿಡಿದು ಬಂದ ಹುಡುಗಿ ತಲೆ ಎತ್ತಲಿಲ್ಲ, ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗಂಡಿನ ಸೋದರತ್ತೆ ಮೆಚ್ಚಿ ತೊಡೆ ತಟ್ಟಿಕೊಂಡರು: "ಎಷ್ಟು ಸಂಭಾವಿತ ಕೂಸು ನೋಡವ್ವ, ಮೌನಗೌರಿ ಇದ್ದಂಗ ಐತಿ." ಮದುವೆಯಾಗಿ ಆರು ತಿಂಗಳಿಗೆ ಅದೇ ಸೋದರತ್ತೆ ಬಾವಿಕಟ್ಟೆಯಲ್ಲಿ: "ಗುಮ್ಮನಗುಸುಕಿ ಅದು. ಹೊಟ್ಟ್ಯಾಗ ಏನಿಟ್ಟುಕೊಂಡೈತೋ ಆ ಶಿವನಿಗೇ ಗೊತ್ತು." ಹುಡುಗಿ ಬದಲಾಗಿಲ್ಲ. ಅವತ್ತು ಮಾತಾಡಲಿಲ್ಲ, ಇವತ್ತೂ ಮಾತಾಡುತ್ತಿಲ್ಲ. ಅವತ್ತು ಗಂಡು ಹಿಡಿಸಿರಲಿಲ್ಲ, ಇವತ್ತೂ ಹಿಡಿಸಿಲ್ಲ. ಕೇಳಿದವರು ಯಾರು?

ಗಂಡಿನದು ಇನ್ನೂ ತಮಾಷೆ. "ಹುಡುಗ ಮಾತು ಕಡಿಮಿ" ಅಂತ ಮಧ್ಯಸ್ಥಗಾರ ಹೇಳಿದರೆ ಹೆಣ್ಣಿನ ಕಡೆಯವರು ಮೊದಲು ಕೇಳುವುದು, "ಕೆಲಸ ಏನು?" ಅಂತ. ಸಾಫ್ಟ್‌ವೇರ್ ಅಂದರೆ, "ಭಾಳ ಒಳ್ಳೆ ಹುಡುಗ, ತನ್ನ ಕೆಲಸಾತು ತಾನಾತು." ಸರ್ಕಾರಿ ನೌಕರಿ ಅಂದರೆ, "ತೂಕದ ಮನುಷ್ಯ." ಒಕ್ಕಲುತನ ಅಂದರೆ, "ಹುಡುಗ ಸ್ವಲ್ಪ ಮಂಕು ಕಾಣ್ತಾನ." ಮೂವರೂ ಮಾತಾಡಿಲ್ಲ. ಮೂವರಲ್ಲಿ ನಿಜವಾಗಿ ಯೋಚನೆ ಮಾಡುತ್ತಿದ್ದವನು ಒಕ್ಕಲಿಗನೇ; ಈ ಸಂಬಂಧವೂ ತಪ್ಪಿದರೆ ಮುಂದೇನು ಅಂತ.

ಅಮೆರಿಕದ ಜೊನಾಥನ್ ಚೀಕ್ ಅನ್ನುವ ಪ್ರೊಫೆಸರು ಮತ್ತು ಜೊತೆಯವರು 2011ರಲ್ಲಿ ಒಳಮುಖಿಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಗುಂಪು ಬೇಡದವರು, ತಮ್ಮ ಯೋಚನೆಯಲ್ಲೇ ಮುಳುಗಿದವರು, ಅಳುಕಿನವರು, ನಿಧಾನದವರು. ಒಳ್ಳೆಯ ವಿಂಗಡಣೆ. ಆದರೆ ಐದನೆಯ ಗುಂಪು ಬಿಟ್ಟುಹೋಗಿದೆ: ಮಾತಾಡಿದರೆ ಕೆಲಸ ಹೋಗುತ್ತದೆ ಅಂತ ಗೊತ್ತಿರುವವರು. ಪ್ರೊಫೆಸರು ಕಲಿಸುತ್ತಿದ್ದದ್ದು ವೆಲೆಸ್ಲಿ ಕಾಲೇಜಿನಲ್ಲಿ. ಸುಗ್ಗಿಯಲ್ಲಿ ಒಮ್ಮೆ ಸಿರುಗುಪ್ಪಕ್ಕೆ ಬಂದಿದ್ದರೆ ಲೆಕ್ಕ ಪೂರ್ತಿ ಆಗುತ್ತಿತ್ತು.

ಸುಮ್ಮನಿರುವವನು ಜನರಿಗೆ ಕುತೂಹಲವಾಗುವುದಕ್ಕೆ ಇನ್ನೊಂದು ದಾರಿ ನಮ್ಮ ಜಿಲ್ಲೆಯಲ್ಲಿ ಹಳೆಯದು: ಅವಧೂತನಾಗುವುದು. ಚೇಳ್ಳಗುರ್ಕಿಯ ಎರ್ರಿತಾತನ ಮೇಲೆ ನಮ್ಮ ಸೀಮೆಯ ಭಕ್ತಿ ದೊಡ್ಡದು. ಹೆಸರಿನಲ್ಲೇ ತೆಲುಗಿನ ಹುಚ್ಚ ಇದ್ದಾನೆ, ಆ ಹೆಸರನ್ನೇ ಮಕ್ಕಳಿಗೆ ಇಟ್ಟು ಎರ್ರಿಸ್ವಾಮಿ, ಎರ್ರೆಮ್ಮ ಅಂತ ಕರೆದು ಮುದ್ದಿಸುತ್ತೇವೆ. ತಾತನ ಮಾತು ಬೇರೆ, ಅದು ಕೈಮುಗಿಯುವ ವಿಷಯ. ನನ್ನ ತಕರಾರು ನಮ್ಮ ಮೇಲೆ. ಊರ ಬಸ್‌ಸ್ಟ್ಯಾಂಡಿನಲ್ಲಿ ಗಡ್ಡ ಬಿಟ್ಟು ಒಬ್ಬನೇ ಕೂತವನನ್ನು ನಾವು ಮೊದಲು ಕಲ್ಲು ತೂರಿ ಓಡಿಸುತ್ತೇವೆ. ಅವನು ಓಡದೆ ಕೂತೇ ಇದ್ದರೆ ಅನುಮಾನ ಬರುತ್ತದೆ. ಯಾರೋ ಒಬ್ಬರು ಅವನಿಗೆ ಮಿರ್ಚಿ ಕೊಟ್ಟು ಹೋದ ದಿನ ಅವರ ಎಮ್ಮೆ ಈಯಿತು ಅಂದರೆ ಸಾಕು, ಮರುದಿನ ಅವನ ಮುಂದೆ ಮಿರ್ಚಿಯ ರಾಶಿ. ಅವನು ಮುಖ ತಿರುಗಿಸಿದರೆ ಓಸಿ ಮಟ್ಕಾದ ಒಂದು ನಂಬರು, ಕೈ ಬೀಸಿದರೆ ಇನ್ನೊಂದು ನಂಬರು. ಹೊಟ್ಟೆ ಕೆಟ್ಟು ಎದ್ದು ಓಡಿದರೆ ಅದು ಎರಡಂಕಿ.

ಮೌನ ಮತ್ತು ಮಾತು ಎದುರುಬದುರು ನಿಂತು ಕುಸ್ತಿ ಆಡಿದ್ದನ್ನು ನೋಡುವ ಭಾಗ್ಯವೂ ನಮ್ಮ ಬಳ್ಳಾರಿಗೆ ಸಿಕ್ಕಿದೆ. 1999ರ ಲೋಕಸಭಾ ಚುನಾವಣೆ. ಒಂದು ಕಡೆ ಸೋನಿಯಾ ಗಾಂಧಿ: ಮಿತಭಾಷಿ, ಬರೆದುಕೊಂಡು ಬಂದದ್ದನ್ನು ಓದುವವರು. ಇನ್ನೊಂದು ಕಡೆ ಸುಷ್ಮಾ ಸ್ವರಾಜ್: ದೇಶದಲ್ಲೇ ಹೆಸರಾದ ಮಾತುಗಾರ್ತಿ, ಪ್ರಚಾರದ ಆ ಅಲ್ಪ ಸಮಯದಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದವರು. ಜನ ಸುಷ್ಮಾರ ಭಾಷಣ ಕೇಳಿ ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು, ಮನೆಗೆ ಹೋಗಿ ಸೊಸೆಗೆ ಹೇಳಿ ಹೊಗಳಿದರು. ಆಮೇಲೆ ಸೋನಿಯಾರನ್ನು 56 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದರು.

ಇದನ್ನು ಹಿಡಿದು ನನ್ನ ಅಳಿಯ, "ನೋಡು ಮಾವಾ, ಇಂಟ್ರೊವರ್ಟ್ ಗೆದ್ರು!" ಅಂತ ಕುಣಿದಾಡಿದ. ಕೈ ಗುರುತಿನ ಹಳೆಯ ಕೋಟೆ, ಇಂದಿರಾ ಗಾಂಧಿಯ ಸೊಸೆ ಅನ್ನುವ ಮಾತು, ಇವು ಯಾವುವೂ ಅವನ ಪ್ರಶ್ನಪತ್ರಿಕೆಯಲ್ಲಿ ಇರಲಿಲ್ಲ. ಆ ಮೌನದ ಹಿಂದೆ ಒಂದು ಮನೆತನ ನಿಂತು ಮಾತಾಡುತ್ತಿತ್ತು. ಅದೇ ಮೌನವನ್ನು ಹಚ್ಚೊಳ್ಳಿಯ ಯಾವುದೋ ಸೊಸೆ ಹಿಡಿದು ನಿಂತರೆ ಗ್ರಾಮ ಪಂಚಾಯಿತಿಯ ಠೇವಣಿಯೂ ವಾಪಸು ಬರುವುದಿಲ್ಲ. ಕಥೆಯ ಬಾಲ ಬೇರೆ ಇದೆ. ಗೆದ್ದವರು ಅಮೇಠಿಯಲ್ಲೂ ಗೆದ್ದಿದ್ದರಿಂದ ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಸೋತ ಮಾತುಗಾರ್ತಿ ಮುಂದೆ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಪ್ಪದೆ ಬಳ್ಳಾರಿಗೆ ಬಂದು ಪೂಜೆ ಮಾಡಿ ಹೋದರು.

ಮೌನಕ್ಕೆ ಹೆಸರಿಡುವವರು ಹೊರಗಿನವರು ಅನ್ನುವುದಕ್ಕೆ ಇನ್ನೂ ಸ್ಪಷ್ಟ ಸಾಕ್ಷಿ ದಿಲ್ಲಿಯಲ್ಲಿದೆ. ನಮ್ಮ ಗಡಿಯಾಚೆಯ ನಂದ್ಯಾಲದಿಂದ 1991ರಲ್ಲಿ ಲೋಕಸಭೆಗೆ ಗೆದ್ದ ಪಿ.ವಿ. ನರಸಿಂಹರಾವ್ ಮಾತಾಡದೆ ಐದು ವರ್ಷ ದೇಶ ಆಳಿದರು. ಅವರ ಹಣಕಾಸು ಮಂತ್ರಿ ಮನಮೋಹನ ಸಿಂಗ್ ಮುಂದೆ ತಾವೇ ಪ್ರಧಾನಿಯಾಗಿ 2004ರಿಂದ ಹತ್ತು ವರ್ಷ ಅದೇ ಥರ ಮಾತು ಕಡಿಮೆ ಮಾಡಿ ಆಳಿದರು. ಅದೇ ಪಕ್ಷ, ಅದೇ ಕುರ್ಚಿ, ಅದೇ ಮೌನ. ರಾವ್ ಸುಮ್ಮನಿದ್ದರೆ "ಚಾಣಕ್ಯ, ಏನೋ ಲೆಕ್ಕ ಹಾಕ್ತಿದಾನೆ" ಅಂದರು. ಸಿಂಗ್ ಸುಮ್ಮನಿದ್ದರೆ "ಮೌನಮೋಹನ" ಅಂತ ಆಡಿಕೊಂಡರು. ಒಬ್ಬರದು ಬೀಗ ಹಾಕಿದ ತಿಜೋರಿ ಅಂತಲೂ ಇನ್ನೊಬ್ಬರದು ಬೀಗ ಹಾಕಿದ ಖಾಲಿ ಮನೆ ಅಂತಲೂ ಹೊರಗೆ ನಿಂತವರೇ ತೀರ್ಮಾನ ಮಾಡಿದರು. ಬಾಗಿಲು ತೆಗೆದು ನೋಡಿದವರು ಯಾರೂ ಇರಲಿಲ್ಲ.

ಅಳಿಯನ ದೇವರು ರಾಹುಲ್ ದ್ರಾವಿಡ್. ಒಳಮುಖಿಗಳ ಕುಲದೇವರು ಅಂತೆ. ಸರಿ, ನನಗೂ ದ್ರಾವಿಡ್ ಅಂದರೆ ಪ್ರಾಣ. ಆದರೆ ಲೆಕ್ಕ ನೋಡಿ. ಆ ಮನುಷ್ಯ ದಿನಗಟ್ಟಲೆ ಕ್ರೀಸಿನಲ್ಲಿ ನಿಂತು, ಬೆವರು ಒರೆಸಿಕೊಂಡು, ಬಾಯಿ ಬಿಡದೆ ಟೆಸ್ಟುಗಳಲ್ಲಿ 13 ಸಾವಿರಕ್ಕೂ ಹೆಚ್ಚು ರನ್ ಹೊಡೆದಾಗ ದೇಶ ಅವರಿಗೆ ಕೊಟ್ಟ ಬಿರುದು "ಗೋಡೆ". ಗೋಡೆ! ಮನೆಯಲ್ಲಿ ಯಾರೂ ತಿರುಗಿ ನೋಡದ ವಸ್ತು ಯಾವುದು ಅಂದರೆ ಅದೇ. 2021ರ ಐಪಿಎಲ್ ಹೊತ್ತಿಗೆ ಒಂದು ಜಾಹೀರಾತಿನಲ್ಲಿ ಅದೇ ಮನುಷ್ಯ ಟ್ರಾಫಿಕ್‌ನಲ್ಲಿ ಬ್ಯಾಟು ಹಿಡಿದು ಪಕ್ಕದ ಕಾರಿನ ಕನ್ನಡಿ ಒಡೆದು, ತಾನು ಇಂದಿರಾನಗರದ ಗೂಂಡಾ ಅಂತ ಅರಚಿದರು. ಅಷ್ಟೇ, ದೇಶಕ್ಕೆ ದೇಶವೇ ಹುಚ್ಚೆದ್ದು ಕುಣಿಯಿತು. ಒಂದೂವರೆ ದಶಕದ ತಾಳ್ಮೆಯನ್ನು ಆಸ್ವಾದಿಸಲು ಬಾರದಿದ್ದವರೆಲ್ಲ ಒಂದು ನಿಮಿಷದ ಕೂಗಾಟ ನೋಡಿ "ಎಂಥ ಇಂಟರೆಸ್ಟಿಂಗ್ ಮನುಷ್ಯ!" ಅಂದರು. ಸುಮ್ಮನಿರುವವನ ಬಗ್ಗೆ ನಮಗಿರುವ ಆಸಕ್ತಿಯ ಹಕೀಕತ್ತು ಇದು. ಅವನು ಯಾವಾಗ ಕೆಡುತ್ತಾನೆ ಅಂತ ಕಾಯುವ ಆಸಕ್ತಿ.

ಇದೇ ಪ್ರಯೋಗವನ್ನು ನಮ್ಮೂರ ಹೋಟೆಲಿನಲ್ಲಿ ಒಬ್ಬ ಸಾಧು ಮಾಣಿ ಮಾಡಿದ. ವರ್ಷಾನುಗಟ್ಟಲೆ ತುಟಿಪಿಟಿಕ್ ಅನ್ನದೆ ನೀರು ಕೊಟ್ಟವನು ಒಂದು ದಿನ "ನನ್ನ ಹೆಸರು ಲೇ ಅಲ್ಲ" ಅಂತ ಜೋರಾಗಿ ಅಂದುಬಿಟ್ಟ. ದೇಶವಿರಲಿ, ಮೂಲೆಯ ಟೇಬಲಿನವರೂ ಮೆಚ್ಚಲಿಲ್ಲ. ಮರುದಿನ ಬೇರೆ ಮಾಣಿ ಬಂದಿದ್ದ. ಅವನನ್ನೂ ಲೇ ಅಂತಲೇ ಕರೆಯುತ್ತಿದ್ದಾರೆ.

ಪೂರ್ಣಚಂದ್ರ ತೇಜಸ್ವಿಯವರು ಪೇಟೆಯ ಸಹವಾಸ ಬಿಟ್ಟು ಮೂಡಿಗೆರೆಯ ತೋಟ ಸೇರಿ, ಗಾಳ ಹಿಡಿದು ನೀರಿನ ಮುಂದೆ ಕೂತದ್ದು ಕನ್ನಡಿಗರಿಗೆ ಇವತ್ತಿಗೂ ಬತ್ತದ ಕುತೂಹಲ. ಅವರ ಬರಹದಿಂದ ಆ ಕುತೂಹಲಕ್ಕೆ ಅರ್ಥ ಬಂದಿದೆ, ಅದು ಅವರ ಗಳಿಕೆ. ಆದರೆ ನಮ್ಮಲ್ಲಿ ಹಗರಿಯ ದಂಡೆಯಲ್ಲಿ ಗಾಳ ಹಿಡಿದು ಕೂತವನನ್ನು ನೋಡಿ ಯಾರೂ ಪ್ರಬಂಧ ಬರೆಯುವುದಿಲ್ಲ. "ಮನ್ಯಾಗ ದುಡಿಯಾಕ ಆಗಂಗಿಲ್ಲ, ಮೀನ ಹಿಡಿಯಾಕ ಬಂದಾನ" ಅನ್ನುತ್ತಾರೆ. ಅವನಿಗೆ ಮೀನೂ ಸಿಗುವುದಿಲ್ಲ. ಬೈಯುವವರ ಗದ್ದಲಕ್ಕೆ ಮೀನು ಓಡಿಹೋಗುತ್ತವೆ.

ಈಚೆಗಂತೂ ಮೌನಕ್ಕೆ ಮಾರ್ಕೆಟ್ಟು ಬಂದಿದೆ. ಅಮೆರಿಕದ ಸೂಸನ್ ಕೇನ್ 2012ರಲ್ಲಿ ಮೌನಿಗಳ ಪರವಾಗಿ ಪುಸ್ತಕ ಬರೆದರು, ಲಕ್ಷಗಟ್ಟಲೆ ಪ್ರತಿ ಹೋಯಿತು. ಒಳ್ಳೆಯ ಪುಸ್ತಕವೇ. ಆದರೆ ಮೌನಿಗಳನ್ನು ಬಿಟ್ಟುಬಿಡಿ ಅಂತ ಹೇಳುವುದಕ್ಕೆ ಆ ಮಹಾತಾಯಿ ತಾವೇ ವೇದಿಕೆ ಹತ್ತಿ ಭಾಷಣ ಮಾಡಬೇಕಾಯಿತು, ಅದನ್ನು ಕೋಟಿಗಟ್ಟಲೆ ಸಲ ಜನ ನೋಡಿದರು. ಈಗ ಅಳಿಯನ ಪೀಳಿಗೆ ಅದನ್ನೇ ಮನೆಮನೆಗೂ ತಂದಿದೆ. ಕಾಫಿ ಲೋಟದ ಫೋಟೊ, ಕಿಟಕಿಯ ಮೇಲೆ ಮಳೆ ಹನಿ, ಕೆಳಗೆ ಬರಹ: ನನ್ನನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ದಿನಕ್ಕೆ ನಾಲ್ಕು ಸಲ ಹಾಕುತ್ತಾನೆ. ಎಷ್ಟು ಜನ ನೋಡಿದರು ಅಂತ ನಲವತ್ತು ಸಲ ನೋಡುತ್ತಾನೆ. ಏಕಾಂತ ಬೇಕು ಅನ್ನುವುದನ್ನು ಇಷ್ಟು ಜನರ ಮುಂದೆ ಹೇಳಿದ ಪೀಳಿಗೆ ಹಿಂದೆ ಇರಲಿಲ್ಲ. ಹಿಂದೆ ಏಕಾಂತ ಬೇಕಾದವರು ಎದ್ದು ಹೊಲಕ್ಕೆ ಹೋಗುತ್ತಿದ್ದರು.

ಅವನನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ಹತ್ತು ಜನರ ನಡುವೆ ಗಂಟಲು ಒಣಗುವ ಹುಡುಗ ಅವನು. ಸಣ್ಣವನಿದ್ದಾಗ ನೆಂಟರು ಬಂದರೆ ಕಣಜದ ಹಿಂದೆ ಅಡಗುತ್ತಿದ್ದ, ನಾವೆಲ್ಲ ಹಿಡಿದು ಎಳೆದು ತಂದು "ಹಾಡು ಹೇಳಲೇ" ಅಂತ ನಿಲ್ಲಿಸುತ್ತಿದ್ದೆವು. ಮೂಗಬಸವ ಅಂತ ಹೆಸರು ಬಿದ್ದಿತ್ತು. ಅಂಥವನಿಗೆ ಯಾರೋ ಬಂದು, ನೀನು ಮೂಗಬಸವ ಅಲ್ಲ ಕಣೋ, ಅಪರೂಪದ ತಳಿ, ಅಂತ ಸರ್ಟಿಫಿಕೇಟು ಕೊಟ್ಟರೆ ಅವನು ಅದನ್ನು ಹಣೆಗೆ ಅಂಟಿಸಿಕೊಳ್ಳದೆ ಇನ್ನೇನು ಮಾಡಿಯಾನು? ಹಣೆಗೆ ಅಂಟಿಸಿಕೊಂಡ ಮೇಲೆ ಉಳಿದ ಮೂಗಬಸವರನ್ನು ಬೋರ್ ಅನ್ನುವುದು ಮಾತ್ರ ನನಗೆ ಸೇರುವುದಿಲ್ಲ.

ಬೋರ್ ಆದ ಆ ತಳಿಯ ಬೆಲೆ ಗೊತ್ತಾಗಬೇಕಾದರೆ 2024ರ ಆಗಸ್ಟ್ 10ರ ರಾತ್ರಿಯನ್ನು ನೆನೆಯಬೇಕು. ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ಅಣೆಕಟ್ಟೆಗೆ 33 ಗೇಟುಗಳಿವೆ ಅಂತ ಅವತ್ತಿನವರೆಗೆ ನಮ್ಮ ಹೋಟೆಲಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. 1953ರಲ್ಲಿ ಅಣೆಕಟ್ಟೆ ಮುಗಿದಾಗಿನಿಂದ ಏಳು ದಶಕ ಆ ಗೇಟು ನಿಂತಿತ್ತು, ನೀರು ಹಿಡಿದಿತ್ತು, ನಾವು ಅದೇ ನೀರಿನಲ್ಲಿ ಎರಡೆರಡು ಬೆಳೆ ತೆಗೆದು ಹೆಣ್ಣುಮಕ್ಕಳ ಮದುವೆ ಮಾಡಿದ್ದೆವು. ಅದರ ಬಗ್ಗೆ ಯಾರೂ ಒಂದು ಮಾತಾಡಿರಲಿಲ್ಲ. ಮುರಿದ ಮರುದಿನದಿಂದ 19ನೇ ಗೇಟು ರಾಜ್ಯಕ್ಕೇ ಸ್ಟಾರ್. ಟಿವಿಯಲ್ಲಿ ಅದೇ, ಕಟ್ಟೆಯ ಮೇಲೆ ಅದೇ. ಮಂತ್ರಿಗಳು ಬಂದು ನಿಂತು ಫೋಟೊ ತೆಗೆಸಿಕೊಂಡರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ವಾರದಲ್ಲಿ ನೀರು ತಡೆದರು. ಇಲ್ಲದಿದ್ದರೆ ಆ ವರ್ಷ ನಮ್ಮ ಗದ್ದೆಗಳ ಗತಿ ಏನಾಗುತ್ತಿತ್ತೋ. ಎಲ್ಲ ಸರಿ. ಆದರೆ ಆ ವಾರವೆಲ್ಲ ಮುರಿಯದೆ ನಿಂತಿದ್ದ ಮಿಕ್ಕ 32 ಗೇಟುಗಳ ಬಗ್ಗೆ ಕಟ್ಟೆಯ ಮೇಲೆ ಒಬ್ಬನೂ ಕೇಳಲಿಲ್ಲ.

ಅಳಿಯನಿಗೆ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ 19ನೇ ಗೇಟು ಐಎನ್‌ಎಫ್‌ಜೆ ಮಾವಾ" ಅಂದ.

ಅವನು ಮರುದಿನ ಬೆಂಗಳೂರಿಗೆ ಹೋದ. ನೀವು ಹಚ್ಚೊಳ್ಳಿಯ ಕಡೆ ಬಂದರೆ ಒಂದು ವಿನಂತಿ. ಹೋಟೆಲಿನಲ್ಲೋ ಮಿಲ್ಲಿನ ಮುಂದೋ ಯಾರಾದರೂ ಸುಮ್ಮನೆ ಕೂತಿದ್ದರೆ ಯಾಕೆ ಅಂತ ಕೇಳಬೇಡಿ, ಅವನ ಆಳ ಅಳೆಯಲೂ ಹೋಗಬೇಡಿ. ನಿಮ್ಮ ಲಾರಿಗೆ ಚೀಲ ಹೇರಿದವನು ಅವನೇ ಆಗಿದ್ದರೆ, ಬಾಕಿ ಉಳಿದ ಕೂಲಿ ಕೊಟ್ಟುಬಿಡಿ.